ಹಳೇ ಎಲೆಕ್ಟ್ರಿಕ್ ಗಿಟಾರಿನ ಪೇಂಟ್ ಕೈಯಲ್ಲೇ ತೆಗೆದು ಹೊಸದಾಗಿ ಪಾಲಿಶ್ ಮಾಡಬಹುದಾ?

ನೀವು ಕೇಳಿದ್ದು ಇಷ್ಟು. ಚಿಕ್ಕಪ್ಪನ ಕಾಲದ ಎಲೆಕ್ಟ್ರಿಕ್ ಗಿಟಾರ್ ಒಂದು ಮನೆಯಲ್ಲಿದೆ. ಕಪ್ಪು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಸ್ಯಾಂಡಿಂಗ್ ಮಷೀನ್ ಇಲ್ಲ, ಸ್ಪ್ರೇ ಗನ್ ಇಲ್ಲ. ಕೈಯಲ್ಲೇ ಬಣ್ಣ ತೆಗೆದು ಮರ ಕಾಣುವ ಹಾಗೆ ಪಾಲಿಶ್ ಮಾಡಬಹುದಾ? ಎಷ್ಟು ದಿನ ಬೇಕು? ಸೌಂಡ್ ಬದಲಾಗುತ್ತದಾ?

ಮಾಡಬಹುದು. ನಾನು ಮೈಸೂರಿನಲ್ಲಿ ನಮ್ಮ ಮನೆಯ ತಾರಸಿ ಮೇಲೆ ಕೂತು ಎರಡು ಗಿಟಾರ್ ಮಾಡಿದ್ದೇನೆ. ಒಂದು ಕಾಲೇಜಿನ ಗೆಳೆಯನಿಂದ ಕೊಂಡ ಕೆಂಪು ಗಿಟಾರ್, ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಮಾದರಿಯ ಆಕಾರದ್ದು. ಇನ್ನೊಂದು ಕೋಲ್ಕತ್ತದಲ್ಲಿ ತಯಾರಾದ ಹಳೇ ಗಿಟಾರ್. ಎರಡೂ ಈಗಲೂ ನನ್ನ ಹತ್ತಿರ ಇವೆ, ಎರಡನ್ನೂ ನುಡಿಸುತ್ತೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಡ್‌ಸ್ಟಾಕ್, ಅಂದರೆ ತಂತಿ ಬಿಗಿಸುವ ತುದಿ, ಅದರ ಮೇಲಿನ ಹೆಸರು ನೋಡಿ. ಹಿಂದೆ ನೆಕ್ (ಗಿಟಾರಿನ ಉದ್ದನೆಯ ಕತ್ತು) ಸೇರುವ ಕಡೆ ಲೋಹದ ಪ್ಲೇಟ್ ಇದ್ದರೆ ಅದರ ಮೇಲೆ ನಂಬರ್ ಇದೆಯಾ ನೋಡಿ. ಅಕಸ್ಮಾತ್ ಅದು 1950, 60 ಅಥವಾ 70ರ ದಶಕದ ಅಸಲಿ ಫೆಂಡರ್ ಅಥವಾ ಗಿಬ್ಸನ್ ಆಗಿದ್ದರೆ ದಯವಿಟ್ಟು ಬಣ್ಣಕ್ಕೆ ಕೈ ಹಚ್ಚಬೇಡಿ. ಅಂಥ ಗಿಟಾರಿನ ಮೂಲ ಬಣ್ಣ ಹೋದರೆ ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರ 1961ರ ಸ್ಟ್ರಾಟೋಕಾಸ್ಟರಿನ ಫೋಟೋ ನೋಡಿ. ಬೆವರು ತಾಗಿ ತಾಗಿ ಬಣ್ಣ ಬಹುಪಾಲು ಹೋಗಿ ಮರ ಎದ್ದು ಕಾಣುತ್ತದೆ. ಅವರು ಅದನ್ನು ಹಾಗೇ ಜೀವನಪೂರ್ತಿ ನುಡಿಸಿದರು. ನಿಮ್ಮದು ಅಷ್ಟು ಅಪರೂಪದ್ದಲ್ಲ ಅಂತ ಖಾತ್ರಿಯಾದರೆ ಮುಂದೆ ಓದಿ.

ಬಿಚ್ಚುವ ಕೆಲಸ ಸುಲಭ. ತಂತಿಗಳನ್ನು ಒಂದೊಂದಾಗಿ ಸಡಿಲ ಮಾಡಿ ತೆಗೆಯಿರಿ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಳಗಿನ ವೈರ್‌ಗಳ ಫೋಟೋ ನಾಲ್ಕು ಕೋನದಿಂದ ಇರಲಿ. ಕೇಬಲ್ ಚುಚ್ಚುವ ಜಾಕ್‌ಗೆ ಹೋಗುವ ಎರಡು ವೈರ್, ಬಾಡಿ ಮೇಲೆ ತಂತಿಗಳು ಕೂರುವ ಬ್ರಿಡ್ಜ್‌ಗೆ ಹೋಗುವ ಒಂದು ಅರ್ಥಿಂಗ್ ವೈರ್ ಬೆಸುಗೆ ಬಿಡಿಸಬೇಕಾಗುತ್ತದೆ. ಸ್ಕ್ರೂಗಳನ್ನು ನಾನು ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿಟ್ಟಿದ್ದೆ. ಬ್ರಿಡ್ಜಿನದು ಒಂದರಲ್ಲಿ, ಮುಂದಿನ ಪ್ಲಾಸ್ಟಿಕ್ ತಟ್ಟೆ, ಅಂದರೆ ಪಿಕ್‌ಗಾರ್ಡಿನದು ಒಂದರಲ್ಲಿ, ನೆಕ್ಕಿನ ನಾಲ್ಕು ದಪ್ಪ ಸ್ಕ್ರೂ ಒಂದರಲ್ಲಿ. ಕಲಸಿಹೋದರೆ ಆಮೇಲೆ ತುಂಬಾ ಒದ್ದಾಡಬೇಕಾಗುತ್ತದೆ.

ಈಗ ಮುಖ್ಯ ವಿಷಯ. ಹೆಚ್ಚಿನವರು ಬಿಚ್ಚಿದ ಕೂಡಲೇ ಸ್ಯಾಂಡ್‌ಪೇಪರ್ ಹಿಡಿದು ಕೂರುತ್ತಾರೆ. ಬೇಡ. ಮೇಲೆ ಇರುವ ಬಣ್ಣ ಯಾವ ಜಾತಿಯದು ಅಂತ ತಿಳಿಯದೆ ಒಂದು ಗೀರೂ ಹಾಕಬೇಡಿ. ಅದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ, ತಿಳಿಯದಿದ್ದರೆ ವಾರಗಟ್ಟಲೆ ಸುಮ್ನೆ ಉಜ್ಜುತ್ತಾ ಕೂರುತ್ತೀರಿ. ಇಲ್ಲವೇ ಬೆಂಕಿ ಹಚ್ಚಿಕೊಳ್ಳುತ್ತೀರಿ. ಬೆಂಕಿ ಅಂದಿದ್ದು ಮಾತಿಗೆ ಅಲ್ಲ, ಕಾರಣ ಹೇಳುತ್ತೇನೆ.

ಪರೀಕ್ಷೆ ಹೀಗೆ. ಪಿಕ್‌ಗಾರ್ಡ್ ಕೆಳಗೆ ಮುಚ್ಚಿಹೋಗುವ ಒಂದು ಜಾಗ ಆರಿಸಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಪಾಲಿಶ್ ಸ್ಪಿರಿಟಿನಲ್ಲಿ ಅದ್ದಿ ಅಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾದರೆ ಅದು ಶೆಲ್ಯಾಕ್, ಅಂದರೆ ಅರಗು. ಏನೂ ಆಗದಿದ್ದರೆ ಇನ್ನೊಂದು ಕಡ್ಡಿಯನ್ನು ಎನ್‌ಸಿ ಥಿನ್ನರ್ (ಲ್ಯಾಕರ್ ತೆಳು ಮಾಡುವ ದ್ರವ) ಅಥವಾ ಅಸಿಟೋನಿನಲ್ಲಿ ಅದ್ದಿ ಹಾಗೇ ಮಾಡಿ. ಬಣ್ಣ ಕರಗಿ ಹತ್ತಿಗೆ ಹತ್ತಿದರೆ ಅದು ಲ್ಯಾಕರ್, ಬಹುಶಃ ನೈಟ್ರೋಸೆಲ್ಯುಲೋಸ್. ಅದಕ್ಕೂ ಜಗ್ಗದೆ ಗಾಜಿನ ಹಾಗೆ ಕೂತಿದ್ದರೆ ಅದು ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್, ಎರಡನ್ನೂ ಮುಂದೆ ಪಾಲಿ ಅನ್ನುತ್ತೇನೆ. ಅಸಿಟೋನ್ ಮಾತ್ರ ಪ್ಲಾಸ್ಟಿಕ್ ಭಾಗಗಳ ಹತ್ತಿರ ಸುಳಿಯಬಾರದು. ಒಂದು ಹನಿ ಬಿದ್ದರೂ ಪಿಕ್‌ಗಾರ್ಡ್ ಕರಗುತ್ತದೆ.

ಇಷ್ಟು ಜಾತಿ ಯಾಕೆ ಅಂದರೆ, ಗಿಟಾರಿನ ಬಣ್ಣ ಕಾರಿನ ಬಣ್ಣದ ಹಿಂದೆಯೇ ನಡೆದು ಬಂದಿದೆ. ಸ್ಟ್ರಾಟೋಕಾಸ್ಟರ್ ಬಂದದ್ದು 1954ರಲ್ಲಿ. ಆ ಕಾಲದಲ್ಲಿ ಫೆಂಡರ್ ಕಂಪನಿ ವಿಶೇಷ ಬಣ್ಣ ಕೇಳಿದವರಿಗೆ ಡುಪಾಂಟ್ ಕಂಪನಿಯ ಕಾರ್ ಪೇಂಟನ್ನೇ ಹೊಡೆದು ಕೊಡುತ್ತಿತ್ತು. ಆಗಿನವು ತೆಳ್ಳಗಿನ ಲ್ಯಾಕರ್. 1960ರ ದಶಕದ ಕೊನೆಗೆ ದಪ್ಪ ಪಾಲಿಯೆಸ್ಟರ್ ಬಂತು. ಬೇಗ ಗಟ್ಟಿಯಾಗುತ್ತದೆ, ಬೇಗ ಹೊಳಪು ಬರುತ್ತದೆ, ಕಾರ್ಖಾನೆಗೆ ಅದೇ ಅನುಕೂಲ. ಆಮೇಲೆ ಬಂದ ಅಗ್ಗದ ಗಿಟಾರುಗಳಲ್ಲಿ ಬಹಳಷ್ಟು ಹೀಗೇ ಪಾಲಿ ಹೊದ್ದುಕೊಂಡಿರುತ್ತವೆ. ನನ್ನ ಕೆಂಪು ಗಿಟಾರಿನ ಮೇಲೆ ಬಣ್ಣದ ದಪ್ಪ ಅರ್ಧ ಮಿಲಿಮೀಟರಿಗೂ ಜಾಸ್ತಿ ಇತ್ತು.

ಲ್ಯಾಕರ್ ಆದರೆ ಶಾಖ ಕೊಡಬೇಡಿ. ನೈಟ್ರೋಸೆಲ್ಯುಲೋಸ್ ಅಂದರೆ ಹತ್ತಿಯನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡಿದ್ದು, ಸಿಡಿಮದ್ದಿನ ಬಂಧು. ಹೀಟ್ ಗನ್ ಹಿಡಿದರೆ ಭಗ್ ಅಂತ ಹತ್ತಿಕೊಳ್ಳಬಹುದು. ಅದಕ್ಕೆ ಥಿನ್ನರ್ ಸಾಕು. ಹಳೇ ಬನಿಯನ್ ಬಟ್ಟೆ ತುಂಡನ್ನು ಥಿನ್ನರಿನಲ್ಲಿ ನೆನೆಸಿ ಬಣ್ಣದ ಮೇಲೆ ಹಾಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಕೋಲ್ಕತ್ತದ ಗಿಟಾರ್ ನಾನು ಹೀಗೇ ಬಿಡಿಸಿದ್ದು. ಒಂದು ಭಾನುವಾರದಲ್ಲಿ ಮುಗಿಯಿತು. ತೆರೆದ ಜಾಗ, ರಬ್ಬರ್ ಕೈಗವಸು, ಹತ್ತಿರದಲ್ಲಿ ದೀಪ, ಬೀಡಿ, ಗ್ಯಾಸ್ ಒಲೆ ಯಾವುದೂ ಇರಬಾರದು.

ಪಾಲಿ ಆದರೆ ಥಿನ್ನರ್ ಕೆಲಸಕ್ಕೆ ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಕೂಡ ಅದರ ಮೇಲೆ ಹೆಚ್ಚೇನೂ ಮಾಡುವುದಿಲ್ಲ. ಅಂಥ ಕೆಲವು ರಿಮೂವರ್‌ಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತದೆ. ಅದರ ಹೊಗೆ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯಬಲ್ಲದು. ಅಮೆರಿಕದಲ್ಲಿ ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಅದನ್ನು 2019ರಲ್ಲೇ ನಿಷೇಧಿಸಿದರು. ನಿಮಗೆ ಬೇಕಾದದ್ದು ಹೀಟ್ ಗನ್. ಕೊಳ್ಳಲೇಬೇಕು ಅಂತಿಲ್ಲ. ಕಾರಿಗೆ ಸ್ಟಿಕ್ಕರ್ ಹಚ್ಚುವ ಅಂಗಡಿಗಳಲ್ಲಿ ಇರುತ್ತದೆ, ಪರಿಚಯ ಇದ್ದರೆ ಒಂದು ದಿನಕ್ಕೆ ಕೊಡುತ್ತಾರೆ. ಕೂದಲು ಒಣಗಿಸುವ ಡ್ರೈಯರಿನ ಬಿಸಿ ಸಾಲದು.

ಜೊತೆಗೆ ಒಂದು ಪುಟ್ಟಿ ಬ್ಲೇಡ್ ಬೇಕು. ಅದರ ಎರಡು ಮೂಲೆಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮೂಲೆ ಮರಕ್ಕೆ ಕಚ್ಚಿ ಗೀರು ಬೀಳುತ್ತದೆ. ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿದು ಅಂಗೈ ಅಗಲದ ಜಾಗದ ಮೇಲೆ ಆಡಿಸುತ್ತಾ ಇರಿ. ಒಂದೇ ಕಡೆ ನಿಲ್ಲಿಸಬೇಡಿ. ಒಂದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಹೊಳಪು ಸ್ವಲ್ಪ ಮಂಕಾಗುತ್ತದೆ, ಬಣ್ಣ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸಣ್ಣಗೆ ಉಬ್ಬುತ್ತದೆ. ಬ್ಲೇಡನ್ನು ಮಲಗಿಸಿ ಅದರ ಕೆಳಗೆ ತೂರಿಸಬೇಕಾದ್ದು ಆಗಲೇ. ನನಗೆ ಮೊದಲ ಸಲ ಹಾಗೆ ತೂರಿಸಿದ್ದು ಇವತ್ತಿಗೂ ನೆನಪಿದೆ. ಕೈಗೆ ಟಕ್ ಅಂತ ಸಣ್ಣ ಬಿಡುಗಡೆ ಸಿಕ್ಕಿತು. ಆಮೇಲೆ ಕೆಂಪು ಪದರ ದೋಸೆ ಎದ್ದ ಹಾಗೆ ಉದ್ದಕ್ಕೆ ಸುರುಳಿಯಾಗಿ ಎದ್ದು ಬಂತು. ಕೆಳಗೆ ತಿಳಿ ಹಳದಿ ಮರ. ಅದನ್ನು ಮುಟ್ಟಿದೆ, ಬೆಚ್ಚಗಿತ್ತು.

ಅವಸರಕ್ಕೆ ಶಾಖ ಜಾಸ್ತಿ ಮಾಡಬೇಡಿ. ಮರ ಕಪ್ಪಾಗುತ್ತದೆ, ಆ ಸುಟ್ಟ ಕಲೆ ಆಮೇಲೆ ಪಾಲಿಶ್ ಕೆಳಗೆ ಎದ್ದು ಕಾಣುತ್ತದೆ. ಬಾಡಿ ಎರಡು ಮೂರು ತುಂಡು ಅಂಟಿಸಿ ಮಾಡಿದ್ದಿದ್ದರೆ ಅಂಟು ಸಡಿಲವಾಗಬಹುದು. ಪ್ಲೈವುಡ್ ಆಗಿದ್ದರಂತೂ ಪದರ ಬಿಡುತ್ತದೆ. ಪ್ಲೈವುಡ್ ಹೌದೋ ಅಲ್ಲವೋ ಅಂತ ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಆಯಸ್ಕಾಂತದ ಭಾಗ) ಕೂರುವ ಗುಂಡಿಯ ಗೋಡೆ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಪದರಗಳು ಕಾಣುತ್ತವೆ. ಪ್ಲೈವುಡ್ ಇದ್ದರೆ ಮರ ಕಾಣುವ ಪಾಲಿಶಿನ ಆಸೆ ಬಿಡಿ. ಹಳೇ ಬಣ್ಣವನ್ನು ನಯ ಮಾಡಿ ಅದರ ಮೇಲೆ ಹೊಸ ಬಣ್ಣ ಹಾಕಿ.

ಎಲ್ಲ ಬಣ್ಣ ಬಿಟ್ಟ ಮೇಲೆ ನೆಕ್ ಕೂರುವ ಗುಂಡಿಯಲ್ಲಿ ಪೆನ್ಸಿಲಿನ ಒಂದು ಗುರುತು ಕಂಡಿತು. ಎರಡು ಅಂಕಿ, ಅದರ ಸುತ್ತ ಅವಸರದ ಒಂದು ಸುತ್ತು. ಕಾರ್ಖಾನೆಯಲ್ಲಿ ಯಾರೋ ಪರೀಕ್ಷೆ ಮಾಡಿ ಹಾಕಿದ್ದಿರಬೇಕು. ಇಷ್ಟು ವರ್ಷ ನೆಕ್ಕಿನ ಕೆಳಗೆ ಕತ್ತಲಲ್ಲಿ ಹಾಗೇ ಉಳಿದಿತ್ತು. ನಾನು ಅದನ್ನು ಉಜ್ಜಲಿಲ್ಲ. ನೀವೂ ಉಜ್ಜಬೇಡಿ, ಗುರುತು ಇರಲಿ ಇಲ್ಲದಿರಲಿ. ಆ ಗುಂಡಿಯ ಅಳತೆ ನೆಕ್ಕಿಗೆ ಸರಿಯಾಗಿ ಕೂರುವ ಹಾಗೆ ಕೊರೆದದ್ದು. ಅಲ್ಲಿ ಮರ ಕೊಂಚ ಸವೆದರೂ ನೆಕ್ ಅಲ್ಲಾಡುತ್ತದೆ, ತಂತಿಗಳ ಎತ್ತರ ಕೆಡುತ್ತದೆ. ಬಾಡಿ ಪೂರ್ತಿ ಹಾಳಾದರೂ ಸರಿ ಮಾಡಬಹುದು, ಆ ಗುಂಡಿ ಕೆಟ್ಟರೆ ಬಹಳ ಕಷ್ಟ.

ಈಗ ಕಣ್ಣಿಗೆ ಮರ ಕಾಣುತ್ತಿದೆ ಅಂತ ಮೋಸ ಹೋಗಬೇಡಿ. ಬಣ್ಣದ ಕೆಳಗೆ ಸೀಲರ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ನೋಡಲು ಮರದ ಹಾಗೇ. ಒಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಮುತ್ತಾಗಿ ನಿಂತರೆ ಸೀಲರ್ ಇನ್ನೂ ಇದೆ. ಹೀರಿಕೊಂಡು ಮರ ಗಾಢವಾದರೆ ಅದು ನಿಜವಾದ ಮರ. ಸೀಲರನ್ನು ಉಜ್ಜಿಯೇ ತೆಗೆಯಬೇಕು. ಇಲ್ಲಿ ತಾಳ್ಮೆ ಬೇಕು, ನನಗೆ ಮೂರು ಭಾನುವಾರ ಹಿಡಿಯಿತು.

80 ನಂಬರಿನ ಸ್ಯಾಂಡ್‌ಪೇಪರಿನಿಂದ ಶುರು ಮಾಡಿ, ನಂಬರ್ ಏರಿದಷ್ಟೂ ಪೇಪರ್ ನಯ. ಆಮೇಲೆ 120, 180, 240, ಕೊನೆಗೆ 320. ಯಾವ ನಂಬರನ್ನೂ ಹಾರಿಸಬೇಡಿ. 80 ಬಿಟ್ಟ ಗೀರನ್ನು 120 ಅಳಿಸಬೇಕು, 120ರದನ್ನು 180. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ, ಅಡ್ಡಕ್ಕೆ ಬೇಡ. ಚಪ್ಪಟೆ ಜಾಗಕ್ಕೆ ಪೇಪರನ್ನು ಮರದ ತುಂಡಿಗೆ ಸುತ್ತಿ. ಅಂಚು ಮತ್ತು ಬಳುಕಿಗೆ ಸವೆದ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರ್ ತುಂಡಿನಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಬರೀ ಬೆರಳಿನಿಂದ ಉಜ್ಜಿದರೆ ಬೆರಳು ಒತ್ತಿದ ಕಡೆ ತಗ್ಗು ಬೀಳುತ್ತದೆ. ಪ್ರತಿ ನಂಬರಿಗೆ ಮುಂಚೆ ಪೆನ್ಸಿಲಿನಿಂದ ಮೈತುಂಬಾ ತೆಳುವಾಗಿ ಗೀಚಿ. ಗೀಚಿದ್ದು ಪೂರ್ತಿ ಹೋದರೆ ಎಲ್ಲ ಕಡೆ ಸಮ ಉಜ್ಜಿದ್ದೀರಿ ಅಂತ ಅರ್ಥ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಮರದ ಮೈಗೆ ಮಲಗಿಸಿ ಹಿಡಿದು ನೋಡಿ. ಹಗಲಲ್ಲಿ ಕಾಣದ ಗೀರೆಲ್ಲ ಎದ್ದು ನಿಲ್ಲುತ್ತವೆ. ಕಣ್ಣು ಮುಚ್ಚಿ ಅಂಗೈ ಆಡಿಸಿದರೂ ತಿಳಿಯುತ್ತದೆ.

ಮಾಸ್ಕ್ ಹಾಕದೆ ಉಜ್ಜಬೇಡಿ, ಎನ್95 ಇರಲಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಗೆ ಹೊಡೆಯುವ ಬಣ್ಣಕ್ಕೇ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಪುಡಿ ಮಕ್ಕಳ ಹತ್ತಿರ ಹೋಗದ ಹಾಗೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಪೊರಕೆ ಬೇಡ.

ಮರ ತಗ್ಗಾಗಿದ್ದರೆ ಅದಕ್ಕೆ ಇಸ್ತ್ರಿ ಪೆಟ್ಟಿಗೆ ಇದೆ. ಒದ್ದೆ ಬಟ್ಟೆ ಮಡಚಿ ತಗ್ಗಿನ ಮೇಲಿಟ್ಟು ಬಿಸಿ ಇಸ್ತ್ರಿ ತಾಗಿಸಿ. ಆವಿ ಒಳಗೆ ಹೋಗಿ ಅಮುಕಿದ ಎಳೆ ಉಬ್ಬಿ ಮೇಲೆ ಬರುತ್ತದೆ. ಎಳೆ ಮುರಿದು ಹೋಗಿದ್ದರೆ ಮಾತ್ರ ಏಳುವುದಿಲ್ಲ, ಅದನ್ನು ಹಾಗೇ ಬಿಡಿ. ಚಿಕ್ಕಪ್ಪನ ಕೈಯಲ್ಲಿ ಬಿದ್ದ ಪೆಟ್ಟು ಅಲ್ವಾ, ಒಂದೆರಡು ಇರಲಿ.

ನೆಕ್ಕಿನ ಬಗ್ಗೆ ಎರಡೇ ಮಾತು. ಪೂರ್ತಿ ಉಜ್ಜಬೇಡಿ, ಹೆಡ್‌ಸ್ಟಾಕ್ ಮೇಲಿನ ಹೆಸರು ಹೋದರೆ ಮತ್ತೆ ಬರುವುದಿಲ್ಲ. ಫ್ರೆಟ್‌ಬೋರ್ಡ್, ಅಂದರೆ ಬೆರಳು ಒತ್ತುವ ಹಲಗೆ, ಕಂದು ಮರದ್ದಾಗಿದ್ದರೆ ಒರೆಸಿ ಎರಡು ಹನಿ ಎಣ್ಣೆ ಸವರಿ ಸಾಕು. ಅದು ಬಹುಶಃ ನಮ್ಮ ಕಡೆಯದೇ ಬೀಟೆ ಮರ ಇರಬಹುದು. 1992ರಲ್ಲಿ ಬ್ರೆಜಿಲ್ಲಿನ ಬೀಟೆಯ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಡಿವಾಣ ಬಿತ್ತು. ಅದಕ್ಕೂ ಮುಂಚಿನಿಂದಲೇ ಪಶ್ಚಿಮ ಘಟ್ಟದ ಕಡೆಯ ಬೀಟೆ ಜಗತ್ತಿನ ಗಿಟಾರುಗಳಿಗೆ ಹೋಗುತ್ತಿದೆ.

ಇನ್ನು ಹೊಸ ಪಾಲಿಶ್. ಸ್ಪ್ರೇ ಗನ್ ಇಲ್ಲದೆ ಕೈಯಲ್ಲೇ ಮಾಡುವವರಿಗೆ ನಾನು ಹೇಳುವುದು ಒಂದೇ, ಅರಗು. ಪೀಠೋಪಕರಣದವರು ಫ್ರೆಂಚ್ ಪಾಲಿಶ್ ಅನ್ನುವುದು ಅದನ್ನೇ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅದೇ ಅರಗು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಕರಗಿ ಹತ್ತುತ್ತದೆ. ನಾವು ಸ್ಪಿರಿಟಿನಲ್ಲಿ ಕರಗಿಸಿ ಹಚ್ಚುತ್ತೇವೆ, ಅಷ್ಟೇ ವ್ಯತ್ಯಾಸ. ಮುತ್ತುಗ, ಕುಸುಮ ಮರಗಳ ಕೊಂಬೆ ಮೇಲೆ ಒಂದು ಸಣ್ಣ ಕೀಟ ಸುರಿಸುವ ಅಂಟು ಇದು. ಜಾರ್ಖಂಡ್ ಕಡೆಯಿಂದ ಜಾಸ್ತಿ ಬರುತ್ತದೆ.

100 ಗ್ರಾಂ ಅರಗಿನ ಚಕ್ಕೆಯನ್ನು ಅರ್ಧ ಲೀಟರ್ ಪಾಲಿಶ್ ಸ್ಪಿರಿಟಿನಲ್ಲಿ ಗಾಜಿನ ಬಾಟಲಿಗೆ ಹಾಕಿ ರಾತ್ರಿಯಿಡೀ ಬಿಡಿ. ಆಗಾಗ ಅಲ್ಲಾಡಿಸಿ. ಬೆಳಿಗ್ಗೆ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ಜೇನಿನ ಬಣ್ಣದ ದ್ರವ ಸಿಗುತ್ತದೆ. ಇದು ವರ್ಷಗಟ್ಟಲೆ ಇಡುವ ಸಾಮಾನಲ್ಲ, ಹಳತಾದರೆ ಒಣಗುವುದೇ ಇಲ್ಲ. ಒಂದು ಹನಿ ಗಾಜಿನ ಮೇಲೆ ಬಿಟ್ಟು ಮರುದಿನ ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒಳ್ಳೆಯದು. ಆ ಸ್ಪಿರಿಟ್ ವಿಷ, ಕೈಗವಸು ಹಾಕಿಕೊಳ್ಳಿ.

ಹಚ್ಚುವುದನ್ನು ನನಗೆ ಕಲಿಸಿದ್ದು ನಮ್ಮ ಬಡಾವಣೆಯ ಹಿಂದಿನ ಬೀದಿಯಲ್ಲಿ ಮಂಚ, ಬೀರುಗಳಿಗೆ ಪಾಲಿಶ್ ಮಾಡುವ ಒಬ್ಬ ಮೇಸ್ತ್ರಿ. ನಿಂಬೆಹಣ್ಣಿನ ಗಾತ್ರದ ಹತ್ತಿ ಉಂಡೆ ಮಾಡಿ ಪಾಲಿಶಿನಲ್ಲಿ ನೆನೆಸಿ, ಅದನ್ನು ಪಂಚೆ ಬಟ್ಟೆಯಲ್ಲಿ ಸುತ್ತಿ ಹಿಂದೆ ತಿರುಚಿ ಹಿಡಿದರು. ಹಿಂಡಿದರೆ ಬಟ್ಟೆ ಒದ್ದೆ ಆಗಬೇಕು, ಹನಿ ಬೀಳಬಾರದು. ಆಮೇಲೆ ಕೈ ಆಡಿಸುವುದು ತೋರಿಸಿದರು. ತೊಟ್ಟಿಲು ತೂಗಿದ ಹಾಗೆ ಒಂದು ಕಡೆಯಿಂದ ಬಂದು, ಮರ ಸವರಿ, ಇನ್ನೊಂದು ಕಡೆಯಿಂದ ಆಚೆ ಹೋಗಬೇಕು. ಮರದ ಮೇಲೆ ಕೈ ನಿಲ್ಲಿಸಿದರೆ ಕೆಳಗಿನ ಪದರ ಕರಗಿ ಬಟ್ಟೆಗೆ ಅಂಟುತ್ತದೆ. ಕೈ ನಿಂತ ಕಡೆ ಕಲೆ ನಿಲ್ಲುತ್ತದೆ ಅಂತ ಅವರು ಮತ್ತೆ ಮತ್ತೆ ಹೇಳಿದರು. ಮೊದಲ ಐದಾರು ಪದರ ಉದ್ದುದ್ದಕ್ಕೆ, ಆಮೇಲೆ ಸಣ್ಣ ಸಣ್ಣ ಸುತ್ತು, ಆಮೇಲೆ ಎಂಟರ ಆಕಾರ. ಬಟ್ಟೆ ಎಳೆಯತೊಡಗಿದರೆ ಒಂದೇ ಒಂದು ಹನಿ ಎಣ್ಣೆ.

ಮೂರನೇ ಪದರಕ್ಕೇ ಮರ ಬದಲಾಗುತ್ತದೆ. ಒಣಕಲಾಗಿದ್ದದ್ದು ಒಳಗಿನಿಂದ ಬೆಳಕು ಬಂದ ಹಾಗೆ ಕಾಣುತ್ತದೆ. ನನ್ನ ಗಿಟಾರ್ ಮೂರು ತುಂಡಿನ ಬಾಡಿ. ಅಂಟಿಸಿದ ಗೆರೆಗಳು ಅಸಹ್ಯ ಅನ್ನಿಸಬಹುದು ಅಂತ ಹೆದರಿದ್ದೆ. ಹಾಗೇನೂ ಆಗಲಿಲ್ಲ, ಮೂರು ತುಂಡಿನ ಎಳೆ ಮೂರು ಥರ ಹೊಳೆಯುತ್ತದೆ. ದಿನಕ್ಕೆ ಮೂರು ನಾಲ್ಕು ಪದರ ಸಾಕು, ನಡುವೆ ಎರಡು ಗಂಟೆ ಬಿಡಿ. ಒಟ್ಟು ಇಪ್ಪತ್ತೈದು ಮೂವತ್ತು ತೆಳು ಪದರ ಆಗಲಿ. ಆಮೇಲೆ ಎರಡು ವಾರ ಮುಟ್ಟದೆ ತೂಗುಹಾಕಿ.

ನಾನು ತಪ್ಪಿದ್ದು ಇಲ್ಲೇ. ಎರಡನೇ ಗಿಟಾರಿಗೆ ಆಗಸ್ಟ್ ತಿಂಗಳಲ್ಲಿ, ಜಿಟಿಜಿಟಿ ಮಳೆಯಲ್ಲಿ ಪಾಲಿಶ್ ಹಚ್ಚಿದೆ. ಸ್ಪಿರಿಟ್ ಬೇಗ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಳಿದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಇಡೀ ಗಿಟಾರ್ ಮಂಜು ಕವಿದ ಹಾಗೆ ಬೆಳ್ಳಗಾಗಿತ್ತು. ಎಷ್ಟು ಸಂಕಟವಾಯಿತು ಅಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟೆ. ಡಿಸೆಂಬರಿನಲ್ಲಿ ಮೇಸ್ತ್ರಿ ಹೇಳಿದರು ಅಂತ ಇಳಿಸಿ, ಬರೀ ಸ್ಪಿರಿಟ್ ತಾಗಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದೆ. ಪದರ ಮತ್ತೆ ಕರಗಿ ತೇವ ಹೊರಗೆ ಹೋಯಿತು, ಬಿಳುಪು ಮಾಯವಾಯಿತು. ಅರಗಿನ ದೊಡ್ಡ ಗುಣ ಇದೇ. ಐದು ವರ್ಷ ಬಿಟ್ಟು ಗೀರು ಬಿದ್ದರೂ ಹೊಸ ಪದರ ಹಳೆಯದರಲ್ಲಿ ಕರಗಿ ಒಂದಾಗುತ್ತದೆ. ಪಾಲಿಗೆ ಆ ಗುಣ ಇಲ್ಲ.

ದೋಷವೂ ಇದೆ. ಬೆವರು, ಬಿಸಿ, ಮದ್ಯ ತಾಗಿದರೆ ಅರಗು ಕೆಡುತ್ತದೆ. ವಾರವಾರ ಸ್ಟೇಜ್ ಮೇಲೆ ನುಡಿಸುವವರಾದರೆ ಬಟ್ಟೆಯಲ್ಲಿ ಸವರುವ ಪಾಲಿಯುರೆಥೇನ್ ಹಚ್ಚಿ. ಅಗಸೆ ಎಣ್ಣೆ ಹಚ್ಚುವವರೂ ಇದ್ದಾರೆ. ಹಚ್ಚಿದರೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಜೋಡಿಸುವಾಗ ಒಂದು ಸಣ್ಣ ಉಪಾಯ. ಸ್ಕ್ರೂ ಇಟ್ಟ ಕೂಡಲೇ ಬಿಗಿ ಮಾಡಬೇಡಿ. ಮೊದಲು ಉಲ್ಟಾ ತಿರುಗಿಸಿ. ಮರದಲ್ಲಿ ಹಳೇ ಸ್ಕ್ರೂ ಕೊರೆದ ಗೆರೆಗೆ ಬಿದ್ದಾಗ ಕೈಗೆ ಟಿಕ್ ಅಂತ ತಿಳಿಯುತ್ತದೆ, ಆಗ ಬಿಗಿ ಮಾಡಿ. ತುದಿಗೆ ಸ್ವಲ್ಪ ಸೋಪು ತಿಕ್ಕಿದರೆ ಸಲೀಸಾಗಿ ಹೋಗುತ್ತದೆ. ಪಿಕಪ್ ಹತ್ತಿರ ಸ್ಟೀಲ್ ವುಲ್ ಬಳಸಬೇಡಿ, ಅದರ ಚೂರುಗಳು ಆಯಸ್ಕಾಂತಕ್ಕೆ ಅಂಟಿದರೆ ಬಿಡುವುದಿಲ್ಲ.

ಸೌಂಡ್ ವಿಷಯ. 1968ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ತಮ್ಮ ಎಪಿಫೋನ್ ಕಸಿನೋ ಗಿಟಾರಿನ ಬಣ್ಣ ತೆಗೆಸಿ ಬರೀ ಮರ ಕಾಣುವ ಹಾಗೆ ಮಾಡಿಸಿದರು. 1969ರ ಜನವರಿ 30ರಂದು ಲಂಡನ್ನಿನ ತಾರಸಿ ಮೇಲೆ ಬೀಟಲ್ಸ್ ನುಡಿಸಿದಾಗ ಅವರ ಕೈಯಲ್ಲಿದ್ದದ್ದು ಅದೇ ಗಿಟಾರ್. ಬಣ್ಣ ತೆಗೆದರೆ ಸೌಂಡ್ ಬಿಚ್ಚಿಕೊಳ್ಳುತ್ತದೆ ಅನ್ನುವ ನಂಬಿಕೆ ಆಗಿನಿಂದಲೂ ಇದೆ. ಆದರೆ ಕಸಿನೋ ಒಳಗೆ ಟೊಳ್ಳು, ಅದರ ಮೇಲ್ಹಲಗೆ ತೆಳ್ಳಗೆ. ನಿಮ್ಮದು ಗಟ್ಟಿ ಮರದ್ದಾಗಿದ್ದರೆ ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ನನಗೆ ನನ್ನ ಎರಡರಲ್ಲೂ ಬಣ್ಣದಿಂದ ಆದ ವ್ಯತ್ಯಾಸ ಕೇಳಿಸಲಿಲ್ಲ. ಹೊಸ ತಂತಿ ಹಾಕಿದ್ದು, ಗರಗರ ಅನ್ನುತ್ತಿದ್ದ ವಾಲ್ಯೂಮ್ ಪಾಟ್ (ಸೌಂಡ್ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ) ತೊಳೆದದ್ದು ಚೆನ್ನಾಗಿ ಕೇಳಿಸಿತು. ಬದಲಾದದ್ದು ನಾನು ಅದನ್ನು ಎತ್ತಿಕೊಳ್ಳುವ ರೀತಿ. ಬೆಳಿಗ್ಗೆ ಕಾಫಿ ಕುಡಿಯುವಾಗಲೂ ತೊಡೆ ಮೇಲೆ ಇರುತ್ತದೆ.

ದಿನಗಳ ಲೆಕ್ಕ ಕೇಳಿದ್ದಿರಿ. ಬರೀ ಭಾನುವಾರ ಕೆಲಸ ಮಾಡಿದರೆ ಬಿಚ್ಚಿ ಬಣ್ಣ ತೆಗೆಯಲು ಎರಡು ವಾರ, ಉಜ್ಜಲು ಮೂರು ನಾಲ್ಕು ವಾರ. ಪಾಲಿಶಿಗೆ ಮಾತ್ರ ಸತತವಾಗಿ ಎಂಟು ಹತ್ತು ದಿನ ಬೇಕು. ಈಗ ಜುಲೈ. ಬಣ್ಣ ತೆಗೆಯುವುದು, ಉಜ್ಜುವುದು ಮಳೆಗಾಲದಲ್ಲೇ ಮಾಡಿ, ಅದಕ್ಕೆ ತೇವದ ತೊಂದರೆ ಇಲ್ಲ. ಉಜ್ಜಿ ಮುಗಿದ ಬಾಡಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ದೀಪಾವಳಿ ಕಳೆದು ಒಣಗಾಳಿ ಬೀಸತೊಡಗಿದ ಮೇಲೆ, ನವೆಂಬರ್ ಕೊನೆಗೆ, 320ರಲ್ಲಿ ಇನ್ನೊಂದು ಸಲ ಹಗುರವಾಗಿ ಉಜ್ಜಿ ಅರಗು ಹಚ್ಚಲು ಶುರು ಮಾಡಿ. ಈ ವಾರಕ್ಕೆ ಹತ್ತಿ ಕಡ್ಡಿ ಪರೀಕ್ಷೆ ಮಾಡಿ, ಯಾವುದಕ್ಕೆ ಕರಗಿತು ಅಂತ ಬರೆಯಿರಿ.